ಒಬ್ಬ ವೈದ್ಯ, ಒಬ್ಬ ಗುರು, ಒಂದು ಬಾವಿ



ಕುಡಿಯುವ ನೀರನ್ನು ಕುದಿಸಿ ಆರಿಸಿ ಮಕ್ಕಳಿಗೆ ಕೊಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡಿತೆಂದರೆ ಆರೋಗ್ಯ ಇಲಾಖೆಯವರು ಮೊದಲು ಬಾವಿಯ ಬಳಿಗೇ ಬರುತ್ತಾರೆ, ಬ್ಲೀಚಿಂಗ್ ಪುಡಿ ಹಾಕುತ್ತಾರೆ. ಇದು ನಮಗೆ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಇದನ್ನು ಒಪ್ಪಿರಲಿಲ್ಲ ಎಂದರೆ ನಂಬುವುದು ಕಷ್ಟ. ಕಾಲರಾ ರೋಗ ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಹಠ ಹಿಡಿದು ಹೇಳಿದ ವೈದ್ಯರು ಜಾನ್ ಸ್ನೋ. ಅವರ ಹೆಸರು ಇಂದು ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಅವರ ಮಾತು ಹೇಗೆ ರುಜುವಾತಾಯಿತು, ಅದಕ್ಕೆ ಯಾರು ಯಾರು ಕೈಜೋಡಿಸಿದರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆ ಕಥೆಯನ್ನೇ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಸ್ನೋ ಅವರು 1813 ರ ಮಾರ್ಚ್ 15 ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹುಟ್ಟಿದರು. ತಂದೆ ಕೂಲಿ ಮಾಡುತ್ತಿದ್ದವರು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಹದಿನಾಲ್ಕನೆಯ ವಯಸ್ಸಿಗೆ ಅವರನ್ನು ನ್ಯೂಕ್ಯಾಸಲ್ ಎಂಬ ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಕಾಲದಲ್ಲಿ ಬಡವರ ಮಕ್ಕಳು ವೈದ್ಯರಾಗಲು ಇದ್ದ ದಾರಿ ಇದೊಂದೇ. 1831 ರಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡಿಗೆ ಕಾಲಿಟ್ಟಿತು. ಹದಿನೆಂಟರ ಹುಡುಗ ಸ್ನೋ ಅವರನ್ನು ಅವರ ಗುರುಗಳು ಸಮೀಪದ ಕಿಲ್ಲಿಂಗ್‌ವರ್ತ್ ಕಲ್ಲಿದ್ದಲ ಗಣಿಗೆ ಕಳುಹಿಸಿದರು. ಗಣಿಯ ಕೂಲಿಗಳು ತಾಸುಗಟ್ಟಲೆ ನೆಲದಡಿಯಲ್ಲಿ ಇರುತ್ತಿದ್ದರು. ಅಲ್ಲಿ ಶೌಚಕ್ಕೆ ಸ್ಥಳವಿಲ್ಲ, ಕೈ ತೊಳೆಯಲು ನೀರಿಲ್ಲ. ಅದೇ ಕೈಯಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನು ತಿನ್ನುತ್ತಿದ್ದರು. ಈ ನೋಟ ಸ್ನೋ ಅವರ ಮನಸ್ಸಿನಲ್ಲಿ ಉಳಿಯಿತು. ಎಷ್ಟೋ ವರ್ಷಗಳ ನಂತರ ಅವರು ಅದನ್ನು ಬಳಸಿಕೊಂಡರು.

ಮುಂದೆ ಅವರು ಲಂಡನ್ನಿಗೆ ಹೋಗಿ ಓದಿದರು. 1844 ರಲ್ಲಿ ಎಂ.ಡಿ. ಪದವಿ ಪಡೆದರು. ಸೋಹೋ ಎಂಬ ಜನನಿಬಿಡ ಬಡಾವಣೆಯಲ್ಲಿ ವೃತ್ತಿ ಆರಂಭಿಸಿದರು. ಮದುವೆಯಾಗಲಿಲ್ಲ, ಮದ್ಯ ಮುಟ್ಟುತ್ತಿರಲಿಲ್ಲ, ಮಾಂಸ ಬಿಟ್ಟು ವರ್ಷಗಳನ್ನು ಕಳೆದವರು. ಮಾತು ಕಡಿಮೆ, ದನಿಯೂ ಒಡಕು. ಶಸ್ತ್ರಚಿಕಿತ್ಸೆಯಲ್ಲಿ ನೋವು ತಿಳಿಯದಂತೆ ಮಾಡುವ ಈಥರ್ ಮತ್ತು ಕ್ಲೋರೋಫಾರ್ಮ್ ಬಂದಾಗ ಅವುಗಳನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಅವರೇ ಮುಂಚೂಣಿಯಲ್ಲಿದ್ದರು. 1853 ರಲ್ಲಿಯೂ 1857 ರಲ್ಲಿಯೂ ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಕ್ಲೋರೋಫಾರ್ಮ್ ಕೊಟ್ಟವರು ಅವರೇ. ಹೆರಿಗೆ ನೋವನ್ನು ಕಡಿಮೆ ಮಾಡುವುದು ಸರಿಯೇ ಎಂದು ಕೆಲವರು ಹಿಂದೆಮುಂದೆ ನೋಡುತ್ತಿದ್ದ ಕಾಲವದು. ರಾಣಿಯೇ ತೆಗೆದುಕೊಂಡ ಮೇಲೆ ಮಾತು ಕಡಿಮೆಯಾಯಿತು. ಇಷ್ಟರಿಂದಲೇ ಸ್ನೋ ಅವರು ಸುಖವಾಗಿ ಬದುಕಬಹುದಿತ್ತು. ಆದರೆ ಕಾಲರಾ ಅವರನ್ನು ಬಿಡಲಿಲ್ಲ.

ಆಗಿನ ನಂಬಿಕೆ ಏನೆಂಬುದನ್ನು ನೀವು ತಿಳಿದುಕೊಳ್ಳಬೇಕು. ಕೊಳಚೆಯಿಂದ ಏಳುವ ದುರ್ವಾಸನೆಯೇ ರೋಗ. ಕೆಟ್ಟ ಗಾಳಿ ಮೂಗಿನಿಂದ ಒಳಹೊಕ್ಕು ಮನುಷ್ಯನನ್ನು ಕೆಡವುತ್ತದೆ ಎಂದು ಸರ್ಕಾರವೂ ನಂಬಿತ್ತು, ವೈದ್ಯರೂ ನಂಬಿದ್ದರು. ಇದು ಮೂರ್ಖರ ನಂಬಿಕೆಯಾಗಿರಲಿಲ್ಲ. ಬಡವರ ಬೀದಿ ನಾರುತ್ತಿತ್ತು, ಬಡವರೇ ಹೆಚ್ಚು ಸಾಯುತ್ತಿದ್ದರು. ಎರಡನ್ನೂ ಜೋಡಿಸುವುದು ಸುಲಭ. ಹಾಗೆಂದೇ ವಾಸನೆಯನ್ನು ಹೋಗಲಾಡಿಸಲು ಮನೆಗಳ ಮಲಗುಂಡಿಗಳಲ್ಲಿದ್ದ ಹೊಲಸನ್ನೆಲ್ಲ ಚರಂಡಿಗಳ ಮೂಲಕ ಥೇಮ್ಸ್ ನದಿಗೆ ಹರಿಯಬಿಟ್ಟರು. ಅದೇ ನದಿಯ ನೀರನ್ನು ಕಂಪನಿಗಳು ಜನರಿಗೆ ಕುಡಿಯಲು ಮಾರುತ್ತಿದ್ದವು! ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೂ ಕಾರಣ ತಿಳಿಯದೆ ಮಾಡಿದರೆ ಹೇಗೆ ತಿರುಗುಬಾಣವಾಗುತ್ತದೆ ನೋಡಿ. 1848-49 ರ ಕಾಲರಾದಲ್ಲಿ ಲಂಡನ್ ನಗರವೊಂದರಲ್ಲೇ ಸುಮಾರು 14,000 ಜನ ಸತ್ತರು.

ಸ್ನೋ ಅವರ ತರ್ಕ ಸರಳ. ಈ ರೋಗ ಮೊದಲು ಕಾಣಿಸಿಕೊಳ್ಳುವುದು ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ಅಲ್ಲ. ಹಾಗಿದ್ದರೆ ಅದು ಉಸಿರಿನಿಂದಲ್ಲ, ಬಾಯಿಯಿಂದ ಒಳಗೆ ಹೋಗಿರಬೇಕು. ರೋಗಿಯ ಹೊಟ್ಟೆಯಿಂದ ಹೊರಬಿದ್ದದ್ದು ಕೈಯ ಮೂಲಕವೋ ನೀರಿನ ಮೂಲಕವೋ ಇನ್ನೊಬ್ಬನ ಹೊಟ್ಟೆ ಸೇರುತ್ತದೆ. 1849 ರಲ್ಲಿ ಅವರು ಇದನ್ನು ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದರು. ಗಣಿ ಕಾರ್ಮಿಕರ ಬುತ್ತಿಯ ವಿಷಯವನ್ನು ಮುಂದೆ ಇದೇ ವಾದಕ್ಕೆ ಆಧಾರವಾಗಿ ಬಳಸಿದರು. ಪುಸ್ತಕವನ್ನು ಕೆಲವರು ಓದಿದರು, ಹೆಚ್ಚಿನವರು ಒಪ್ಪಲಿಲ್ಲ. ರೋಗಾಣುವನ್ನು ಕಣ್ಣಿಗೆ ತೋರಿಸಲು ಅವರಿಂದ ಸಾಧ್ಯವಿರಲಿಲ್ಲ. ಸರಿಯಾದ ಉತ್ತರ ಗೊತ್ತಿದ್ದೂ ನಂಬಿಸಲಾಗದ ಸ್ಥಿತಿ ಅವರದು.

1854 ರಲ್ಲಿ ಕಾಲರಾ ಮತ್ತೆ ಬಂತು. ಲಂಡನ್ನಿನ ದಕ್ಷಿಣ ಭಾಗದಲ್ಲಿ ಎರಡು ಕಂಪನಿಗಳು ಒಂದೇ ಬೀದಿಯ ಮನೆಗಳಿಗೆ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852 ರಲ್ಲಿ ತನ್ನ ನೀರು ಎತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ನಗರದ ಕೊಳಚೆ ತಲುಪದ ಕಡೆಗೆ ಬದಲಾಯಿಸಿಕೊಂಡಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಮಾತ್ರ ಹಳೆಯ ಹೊಲಸು ಜಾಗದಿಂದಲೇ ನೀರು ಎತ್ತುತ್ತಿತ್ತು. ಪಕ್ಕಪಕ್ಕದ ಮನೆಗಳು, ಒಂದೇ ಗಾಳಿ, ಒಂದೇ ಬಡತನ. ಬೇರೆ ಇದ್ದದ್ದು ನೀರು ಮಾತ್ರ. ತರ್ಕಶಾಸ್ತ್ರ ಕಲಿತವರಿಗೆ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಾರದು. ಸ್ನೋ ಅವರು ಸತ್ತವರ ಮನೆಗಳಿಗೆ ತಾವೇ ನಡೆದು ಹೋಗಿ ಯಾವ ಕಂಪನಿಯ ನೀರೆಂದು ಕೇಳಿದರು. ಬಾಡಿಗೆದಾರರಿಗೆ ಅದೇ ಗೊತ್ತಿರಲಿಲ್ಲ; ನೀರಿನ ಹಣ ಕಟ್ಟುತ್ತಿದ್ದವನು ಮನೆಯ ಒಡೆಯ. ಆಗ ಅವರು ಪ್ರತಿ ಮನೆಯಿಂದ ಒಂದು ಸಣ್ಣ ಶೀಶೆ ನೀರು ತಂದು ಅದರಲ್ಲಿ ಉಪ್ಪಿನ ಅಂಶ ಎಷ್ಟಿದೆಯೆಂದು ಪರೀಕ್ಷಿಸಿದರು. ಕೆಳಭಾಗದ ನೀರಿನಲ್ಲಿ ಅದು ಸುಮಾರು ನಲವತ್ತು ಪಟ್ಟು ಹೆಚ್ಚು. ರೋಗದ ಮೊದಲ ಏಳು ವಾರಗಳಲ್ಲಿ ಕೊಳಕು ನೀರಿನ ಮನೆಗಳಲ್ಲಿ ಪ್ರತಿ 10,000 ಮನೆಗೆ 315 ಸಾವು, ಶುದ್ಧ ನೀರಿನ ಮನೆಗಳಲ್ಲಿ 37.

ಇಲ್ಲಿಯೇ ಮೊದಲ ಜೊತೆಗಾರರನ್ನು ನೀವು ಗಮನಿಸಬೇಕು. ಅವರು ವಿಲಿಯಂ ಫಾರ್, ಸರ್ಕಾರದ ಜನನ ಮರಣ ಕಚೇರಿಯ ಅಂಕಿಅಂಶಗಳ ಅಧಿಕಾರಿ. ಅವರು ಸ್ನೋ ಅವರ ಮಾತನ್ನು ಪೂರ್ತಿ ಒಪ್ಪಿದವರಲ್ಲ, ಕೆಟ್ಟ ಗಾಳಿಯ ಪಕ್ಷದವರು. ಆದರೂ ಸತ್ತವರ ವಿಳಾಸಗಳನ್ನು ಕೊಟ್ಟರು. ಅಷ್ಟೇ ಅಲ್ಲ, ಕಾಲರಾ ಸಾವು ದಾಖಲಾದಾಗಲೆಲ್ಲ ಆ ಮನೆಗೆ ನೀರು ಎಲ್ಲಿಂದ ಬರುತ್ತದೆಂದು ಬರೆದುಕೊಳ್ಳುವಂತೆ ದಕ್ಷಿಣ ಲಂಡನ್ನಿನ ನೋಂದಣಿ ಅಧಿಕಾರಿಗಳಿಗೆ ಸೂಚಿಸಿದರು. ಅಭಿಪ್ರಾಯ ಬೇರೆಯಿದ್ದರೂ ಕಡತ ಮುಚ್ಚಿಡಲಿಲ್ಲ. ಇದು ಸಣ್ಣ ಗುಣವಲ್ಲ.

ಈ ಕೆಲಸ ಅರ್ಧಕ್ಕೆ ಬಂದಿರುವಾಗಲೇ ಸ್ನೋ ಅವರ ಸ್ವಂತ ಬಡಾವಣೆಯಲ್ಲಿ ಸಿಡಿಲು ಬಡಿದಂತಾಯಿತು. ಆಗಸ್ಟ್ 31 ರ ರಾತ್ರಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಮನೆಮನೆಯಲ್ಲಿ ಜನ ವಾಂತಿಭೇದಿಯಿಂದ ಬಿದ್ದರು. ಮೂರು ದಿನಗಳಲ್ಲಿ 127 ಸಾವು. ಹತ್ತು ದಿನಗಳಲ್ಲಿ 500. ಕೊನೆಗೆ ಲೆಕ್ಕ 616 ಕ್ಕೆ ನಿಂತಿತು. ಕೆಲವು ಮನೆಗಳಲ್ಲಿ ಹೂಳಲು ಹೋಗುವವರೂ ಉಳಿಯಲಿಲ್ಲ. ಕೈಯಲ್ಲಿ ಕಾಸಿದ್ದವರೆಲ್ಲ ಬಾಗಿಲು ಹಾಕಿಕೊಂಡು ಓಡಿದರು.

ಬೀದಿಯಲ್ಲಿ ಒಂದು ಕೈಪಂಪಿನ ಬಾವಿ ಇತ್ತು. ಅದರ ನೀರು ತಣ್ಣಗೆ, ರುಚಿಯಾಗಿದೆಯೆಂದು ದೂರದವರೂ ಒಯ್ಯುತ್ತಿದ್ದರು. ಸ್ನೋ ಅವರಿಗೆ ಅದರ ಮೇಲೆ ಸಂಶಯ. ಆದರೆ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿತ್ತು. ಅವರು ಫಾರ್ ಅವರ ಕಚೇರಿಯಿಂದ 83 ಸಾವುಗಳ ಪಟ್ಟಿ ತಂದು ಬೀದಿಗಿಳಿದರು. ಹೆಚ್ಚು ಕಡಿಮೆ ಎಲ್ಲ ಸಾವುಗಳೂ ಆ ಪಂಪಿನ ಹತ್ತಿರವೇ ಆಗಿದ್ದವು. ಬೇರೆ ಪಂಪಿಗೆ ಹತ್ತಿರವಾಗಿದ್ದ ಮನೆಗಳಲ್ಲಿ ಸತ್ತವರು ಹತ್ತೇ ಜನ. ಅವರಲ್ಲಿ ಐವರ ಮನೆಯವರು ತಾವು ಯಾವಾಗಲೂ ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದೆವೆಂದರು. ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಸಾಯದವರ ವಿಷಯವನ್ನೂ ಅವರು ಬಿಡಲಿಲ್ಲ. ನನ್ನ ಮಟ್ಟಿಗೆ ಇದೇ ಅವರ ಜಾಣ್ಮೆ. ಹತ್ತಿರದಲ್ಲೇ ಬಡವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್ ಇತ್ತು. 535 ಜನರಲ್ಲಿ ಸತ್ತವರು ಐದೇ ಮಂದಿ. ವಿಚಾರಿಸಿದರೆ ಅಲ್ಲಿ ಬೇರೆ ಬಾವಿ. ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತು ಆಳುಗಳಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರೇ ಸಿಗುತ್ತಿತ್ತು, ಪಂಪಿನತ್ತ ಅವರು ಸುಳಿಯುತ್ತಿರಲಿಲ್ಲ. (ಇದನ್ನು ಓದಿ ಯಾರೂ ಬೇರೆ ಅರ್ಥ ಮಾಡಿಕೊಳ್ಳಬೇಡಿ!) ಇನ್ನೊಂದೆಡೆ ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತರು. ಆ ಊರಿನಲ್ಲಿ ರೋಗವೇ ಇರಲಿಲ್ಲ. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದ ಆಕೆಗೆ ಆ ನೀರಿನ ರುಚಿ ಹಿಡಿದಿತ್ತು. ದಿನಾಲೂ ಗಾಡಿಯಲ್ಲಿ ಒಂದು ಬಾಟಲಿ ತರಿಸಿಕೊಳ್ಳುತ್ತಿದ್ದರು.

ಸೆಪ್ಟೆಂಬರ್ 7 ರ ಸಂಜೆ ಸ್ಥಳೀಯ ಬಡವರ ಪಾಲಕ ಮಂಡಳಿಯ ಸಭೆಯಲ್ಲಿ ಸ್ನೋ ಅವರು ಹೋಗಿ ನಿಂತರು. ಆ ಸಭೆಯವರು ವಿಜ್ಞಾನಿಗಳಲ್ಲ, ಊರಿನ ಸಾಮಾನ್ಯ ಗೃಹಸ್ಥರು. ಸ್ನೋ ಅವರ ವಾದ ಅವರಿಗೆ ಪೂರ್ತಿ ಮನವರಿಕೆಯಾಯಿತೆಂದೇನೂ ಇಲ್ಲ. ಆದರೂ ಮರುದಿನ ಬೆಳಿಗ್ಗೆ ಪಂಪಿನ ಹಿಡಿಯನ್ನು ಕಳಚಿಸಿದರು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ: ಹಿಡಿ ಕಳಚಿದರು, ಕಾಲರಾ ನಿಂತಿತು. ಓದುಗರೇ, ಇದು ಪೂರ್ತಿ ನಿಜವಲ್ಲ. ಜನ ಊರು ಬಿಟ್ಟು ಓಡಿದ್ದರಿಂದ ರೋಗ ಅಷ್ಟರಲ್ಲಾಗಲೇ ಇಳಿಮುಖವಾಗಿತ್ತು. ಇದನ್ನು ಸ್ನೋ ಅವರೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಒಂದರ ನಂತರ ಇನ್ನೊಂದು ಆಯಿತೆಂದರೆ ಮೊದಲಿನದೇ ಕಾರಣವೆಂದು ಹೇಳಲಾಗದು. ವಿರೋಧಿಗಳೂ ಇದನ್ನೇ ಹಿಡಿದರು. ಬಾವಿಯ ನೀರು ಕೆಟ್ಟಿದ್ದರೆ, ಹಿಡಿ ಕಳಚುವ ಮೊದಲೇ ರೋಗ ಇಳಿದದ್ದು ಹೇಗೆ?

ಹೀಗೆ ಕೇಳಿದವರಲ್ಲಿ ಒಬ್ಬರು ಹೆನ್ರಿ ವೈಟ್‌ಹೆಡ್. ಅದೇ ಬಡಾವಣೆಯ ಸಂತ ಲೂಕರ ದೇವಾಲಯದ ಸಹಾಯಕ ಗುರು, ಆಂಗ್ಲಿಕನ್ ಸಭೆಯವರು, 28 ರ ಹರೆಯ. ರೋಗದ ದಿನಗಳಲ್ಲಿ ಅವರು ಹಗಲು ರಾತ್ರಿಯೆನ್ನದೆ ಸಾಯುವವರ ಮಂಚದ ಬಳಿ ಕುಳಿತವರು. ಬೀದಿಯ ಪ್ರತಿಯೊಂದು ಮೆಟ್ಟಿಲೂ ಅವರಿಗೆ ಗೊತ್ತು. ಪಂಪಿನ ನೀರು ಕುಡಿದೂ ಬದುಕಿದವರನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಸ್ನೋ ಅವರ ಮಾತು ತಪ್ಪೆಂದೂ, ಸರಿಯಾಗಿ ವಿಚಾರಣೆ ನಡೆಸಿದರೆ ಅದು ಬಿದ್ದುಹೋಗುತ್ತದೆಂದೂ ಅವರ ದೃಢ ಅಭಿಪ್ರಾಯ.

ಆ ವರ್ಷದ ನವೆಂಬರಿನಲ್ಲಿ ಸಂತ ಜೇಮ್ಸರ ಪ್ಯಾರಿಷ್ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಇಲ್ಲಿ ಪ್ಯಾರಿಷ್ ಎಂದರೆ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯಂಥದ್ದಲ್ಲ. ಆ ದೇಶದಲ್ಲಿ ಆಗ ಬೀದಿ, ಚರಂಡಿ, ಬಡವರ ಆರೈಕೆ ಎಲ್ಲವೂ ಅದರ ಕೈಯಲ್ಲೇ ಇತ್ತು. ಸಮಿತಿಯಲ್ಲಿ ಸ್ನೋ ಅವರೂ ಇದ್ದರು, ವೈಟ್‌ಹೆಡ್ ಅವರೂ ಇದ್ದರು. ಒಂದೇ ಮೇಜಿನ ಸುತ್ತ ವಾದಿ ಮತ್ತು ಪ್ರತಿವಾದಿ ಕುಳಿತಂತಾಯಿತು.

ವೈಟ್‌ಹೆಡ್ ಅವರು ಬ್ರಾಡ್ ಸ್ಟ್ರೀಟಿನ ಮನೆಮನೆಗೆ ಮತ್ತೆ ಹೊರಟರು. ಒಂದೇ ಮನೆಗೆ ಮೂರು ನಾಲ್ಕು ಸಲ ಹೋದದ್ದುಂಟು. ಊರು ಬಿಟ್ಟವರನ್ನೂ ಹುಡುಕಿಕೊಂಡು ಹೋದರು. ಮೊದಲ ಭೇಟಿಯಲ್ಲಿ ನೀರು ಕುಡಿಯಲಿಲ್ಲವೆಂದವರು ಎರಡನೆಯ ಭೇಟಿಯಲ್ಲಿ, ಆ ರಾತ್ರಿ ಮಗಳು ಒಂದು ತಂಬಿಗೆ ತಂದಿದ್ದಳೆಂದು ನೆನಪಿಸಿಕೊಳ್ಳುತ್ತಿದ್ದರು. ಮನೆ ಭೇಟಿಗೆ ಹೋಗುವ ನಮಗೆಲ್ಲ ಇದು ಗೊತ್ತಿರುವ ವಿಷಯ: ಮುಖ್ಯವಾದ ಮಾತು ಬರುವುದು ಎದ್ದು ಹೊರಡುವ ಹೊತ್ತಿಗೇ. ಒಂಟಿಯಾಗಿದ್ದ ಮುದುಕರು ಏಕೆ ಹೆಚ್ಚಾಗಿ ಉಳಿದರೆಂಬುದೂ ಹೀಗೆಯೇ ತಿಳಿಯಿತು. ಪಂಪಿನಿಂದ ನೀರು ತಂದುಕೊಡಲು ಅವರಿಗೆ ಮನೆಯಲ್ಲಿ ಮಕ್ಕಳಿರಲಿಲ್ಲ.

ಲೆಕ್ಕ ಅವರ ಅಭಿಪ್ರಾಯಕ್ಕೆ ವಿರುದ್ಧವಾಗಿ ನಿಂತಿತು. ಪಂಪಿನ ನೀರು ಕುಡಿದ 137 ಜನರಲ್ಲಿ 80 ಮಂದಿಗೆ ರೋಗ ತಗಲಿತ್ತು. ಕುಡಿಯದ 297 ಜನರಲ್ಲಿ ಕೇವಲ 20 ಮಂದಿಗೆ. ಸ್ನೋ ಅವರು ತಮ್ಮ ಪುಸ್ತಕದ ಹೊಸ ಆವೃತ್ತಿಯನ್ನು ಅವರಿಗೆ ಕೊಟ್ಟಿದ್ದರು. ಆ ಗುರುಗಳು ಒಲ್ಲದ ಮನಸ್ಸಿನಿಂದಲೇ ಹೆಜ್ಜೆಹೆಜ್ಜೆಯಾಗಿ ಒಪ್ಪುತ್ತ ಬಂದರು. ಆದರೆ ಒಂದು ಗಂಟು ಬಿಡಿಸದೆ ಉಳಿಯಿತು. ಬಾವಿಗೆ ವಿಷ ಎಲ್ಲಿಂದ ಬಂತು? ಬಾವಿಯ ಒಳಗೋಡೆಯನ್ನು ಮೊದಲೊಮ್ಮೆ ಪರೀಕ್ಷಿಸಿದಾಗ ತೂತೇನೂ ಕಂಡಿರಲಿಲ್ಲ.

ಉತ್ತರ ಸಿಕ್ಕಿದ್ದು ಮರಣ ದಾಖಲೆಯಲ್ಲಿ. ವೈಟ್‌ಹೆಡ್ ಅವರು ಬೇರೇನನ್ನೋ ಹುಡುಕುತ್ತಿದ್ದಾಗ ಒಂದು ಸಾಲು ಕಣ್ಣಿಗೆ ಬಿತ್ತು: 40 ನೇ ನಂಬರಿನ ಮನೆ, ಐದು ತಿಂಗಳ ಹೆಣ್ಣುಮಗು, ಸೆಪ್ಟೆಂಬರ್ 2 ರಂದು ಭೇದಿಯಿಂದ ಮರಣ. ಆ ಮನೆ ಪಂಪಿಗೆ ತೀರ ಹತ್ತಿರದ್ದು. ಅವರು ಕೂಡಲೇ ಆ ತಾಯಿಯ ಬಳಿಗೆ ಹೋದರು. ಮಗುವಿಗೆ ಆಗಸ್ಟ್ 28 ರಂದೇ, ಎಂದರೆ ಬೀದಿಯಲ್ಲಿ ಯಾರೂ ಬೀಳುವ ಮೊದಲೇ, ಭೇದಿ ಶುರುವಾಗಿತ್ತು. ತಾಯಿ ಮಗುವಿನ ಬಟ್ಟೆಗಳನ್ನು ಬಕೆಟಿನಲ್ಲಿ ನೆನೆಸಿ ಜಾಲಿಸಿ ಆ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಚೆಲ್ಲಿದ್ದಳು. ಯಾವ ತಾಯಿ ಹಾಗೆ ಮಾಡುವುದಿಲ್ಲ? ಈ ಹೆಂಗಸು ಮಗುವನ್ನು ಕಳೆದುಕೊಂಡ ಮೂರು ವಾರಗಳೊಳಗೆ ಪೊಲೀಸ್ ಪೇದೆಯಾಗಿದ್ದ ಗಂಡನನ್ನೂ ಕಳೆದುಕೊಂಡಿದ್ದಳು. ಅಂಥವಳ ಮುಂದೆ ಕುಳಿತು ಬಟ್ಟೆ ಎಲ್ಲಿ ಒಗೆದೆ, ನೀರು ಎಲ್ಲಿ ಚೆಲ್ಲಿದೆ ಎಂದು ಕೇಳುವುದು ಪುಸ್ತಕ ಹಿಡಿದು ಬಂದ ಅಧಿಕಾರಿಗೆ ಆಗುವ ಕೆಲಸವಲ್ಲ. ಆ ಸಾವುಗಳ ದಿನಗಳಲ್ಲಿ ಬೀದಿಯವರ ಜೊತೆಗಿದ್ದ ಮನುಷ್ಯನೇ ಕೇಳಬೇಕಿತ್ತು.

ಸಮಿತಿ ಯಾರ್ಕ್ ಎಂಬ ಸರ್ವೇಯರನ್ನು ಕರೆಸಿ ನೆಲ ಅಗೆಸಿತು. ಮಲಗುಂಡಿಯ ಇಟ್ಟಿಗೆಗಳು ಶಿಥಿಲವಾಗಿ ಕೈಯಿಂದಲೇ ಕಳಚಿ ಬರುತ್ತಿದ್ದವು. ಅಲ್ಲಿಂದ ಬಾವಿಗೆ ಮೂರು ಅಡಿಗಿಂತಲೂ ಕಡಿಮೆ ದೂರ. ನಡುವಿನ ಮಣ್ಣೆಲ್ಲ ಹೊಲಸಿನಿಂದ ನೆನೆದುಹೋಗಿತ್ತು. ಮಗು ಸತ್ತ ಮೇಲೆ ಬಟ್ಟೆ ಜಾಲಿಸುವುದು ನಿಂತಿತು, ಬಾವಿ ತಾನಾಗಿ ತಿಳಿಯಾಯಿತು, ರೋಗ ಇಳಿಯಿತು. ಹಿಡಿ ಕಳಚಿದ್ದು ವ್ಯರ್ಥವಾಯಿತೆಂದುಕೊಳ್ಳಬೇಡಿ. ಮಗುವಿನ ತಂದೆ ಹಾಸಿಗೆ ಹಿಡಿದದ್ದು ಸೆಪ್ಟೆಂಬರ್ 8 ರಂದು, ಹಿಡಿ ಕಳಚಿದ ಅದೇ ದಿನ. ಅವನು ಹನ್ನೊಂದು ದಿನ ನರಳಿದ. ಅಷ್ಟೂ ದಿನ ಅದೇ ಗುಂಡಿಗೆ ನೀರು ಬೀಳುತ್ತಿತ್ತು. ಪಂಪು ನಡೆಯುತ್ತಿದ್ದರೆ, ಊರಿಗೆ ಮರಳಿ ಬರುತ್ತಿದ್ದವರ ಗತಿ ಏನಾಗುತ್ತಿತ್ತು?

1855 ರಲ್ಲಿ ಸಮಿತಿ ತನ್ನ ವರದಿಯಲ್ಲಿ ಬಾವಿಯ ನೀರೇ ಕಾರಣವೆಂದು ಬರೆಯಿತು. ಸರ್ಕಾರದ ಆರೋಗ್ಯ ಮಂಡಳಿಯ ವಿಜ್ಞಾನಿಗಳು ಅದೇ ವರ್ಷ ಸ್ನೋ ಅವರ ವಾದವನ್ನು ತಳ್ಳಿಹಾಕಿದರು. ಮೇಲಿನವರಿಗೆ ಕಾಣದ್ದು ಬೀದಿಯವರಿಗೆ ಕಂಡಿತ್ತು. ಸ್ನೋ ಅವರು ಪುಸ್ತಕದ ಎರಡನೆಯ ಆವೃತ್ತಿಗೆ ಕೈಯಿಂದ 200 ಪೌಂಡಿಗೂ ಹೆಚ್ಚು ಸುರಿದಿದ್ದರು. ಮರಳಿ ಬಂದದ್ದು ಲೆಕ್ಕಕ್ಕಿಲ್ಲದಷ್ಟು ಸ್ವಲ್ಪ. ಅದರಲ್ಲಿ ಅವರು ಕೊಟ್ಟ ಸಲಹೆಗಳು ಇಂದಿಗೂ ನಮ್ಮ ಆರೋಗ್ಯ ಕಾರ್ಯಕರ್ತೆಯರು ಹೇಳುವಂಥವೇ: ರೋಗಿಯ ಆರೈಕೆ ಮಾಡುವವರು ಕೈ ತೊಳೆಯಬೇಕು, ಬಟ್ಟೆಗಳನ್ನು ಬಿಡಿಯಾಗಿ ನೀರಿನಲ್ಲಿ ಹಾಕಬೇಕು, ನೀರು ಕುದಿಸಿ ಕುಡಿಯಬೇಕು.

1858 ರ ಜೂನ್ 10 ರಂದು ಬರೆಯುತ್ತ ಕುಳಿತಿದ್ದಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಜೂನ್ 16 ರಂದು ತೀರಿಕೊಂಡರು. ವಯಸ್ಸು 45. ಪ್ರಸಿದ್ಧ ವೈದ್ಯ ಪತ್ರಿಕೆ ಲ್ಯಾನ್ಸೆಟ್ ಎರಡು ಸಾಲು ಬರೆದು ಮುಗಿಸಿತು. ಕಾಲರಾದ ಹೆಸರೂ ಅದರಲ್ಲಿರಲಿಲ್ಲ. ಅದೇ ಬೇಸಗೆಯಲ್ಲಿ ಥೇಮ್ಸ್ ನದಿಯ ನಾತ ಸಂಸತ್ತಿನವರೆಗೂ ಮುಟ್ಟಿತು. ನಗರದ ದೊಡ್ಡ ಚರಂಡಿಗಳ ಕೆಲಸಕ್ಕೆ ಆಗ ಚಾಲನೆ ಸಿಕ್ಕಿತು. ಕೊಳಚೆ ಊರಾಚೆ ಹೋಯಿತು. ವಾಸನೆಗೆ ಹೆದರಿ ಮಾಡಿದ ಕೆಲಸ ಈ ಸಲ ನೀರನ್ನು ಉಳಿಸಿತು.

1866 ರಲ್ಲಿ ಕಾಲರಾ ಲಂಡನ್ನಿನ ಪೂರ್ವ ಭಾಗಕ್ಕೆ ಬಂತು, ಹೊಸ ಚರಂಡಿ ಇನ್ನೂ ಪೂರ್ತಿಯಾಗದ ಕಡೆಗೆ. ಐದೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಈ ಸಲ ಫಾರ್ ಅವರು ಗಾಳಿಯ ಮಾತೆತ್ತಲಿಲ್ಲ. ನೇರವಾಗಿ ನೀರಿನ ಕಂಪನಿಯ ಜಲಾಶಯದತ್ತ ಬೊಟ್ಟು ಮಾಡಿದರು. ನೀರು ಕುದಿಸಿ ಕುಡಿಯಿರೆಂದು ಪ್ರಕಟಣೆಗಳು ಹೊರಟವು. ವಿಚಾರಣೆಗೆ ನೆರವಾಗಲು ವೈಟ್‌ಹೆಡ್ ಅವರೂ ಬಂದು ಮತ್ತೆ ಮನೆಮನೆ ಸುತ್ತಿದರು. 1884 ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರು ನಮ್ಮ ಕಲಕತ್ತೆಯಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದರು. ಅಲ್ಲಿಯ ಒಂದು ಕೆರೆಯ ನೀರಿನಲ್ಲೂ ಅದನ್ನು ಕಂಡರು. ಇಟಲಿಯ ಪಾಚಿನಿ ಎಂಬವರು 1854 ರಲ್ಲೇ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು, ಆದರೆ ಯಾರೂ ಗಮನಿಸಿರಲಿಲ್ಲ.

ಬ್ರಾಡ್ ಸ್ಟ್ರೀಟಿಗೆ ಈಗ ಬ್ರಾಡ್‌ವಿಕ್ ಸ್ಟ್ರೀಟ್ ಎಂದು ಹೆಸರು. ಅಲ್ಲಿ ಹಿಡಿಯಿಲ್ಲದ ಒಂದು ಪಂಪನ್ನು ನೆನಪಿಗಾಗಿ ನಿಲ್ಲಿಸಿದ್ದಾರೆ. ವೈಟ್‌ಹೆಡ್ ಅವರು ಮುಂದೆ ಲಂಡನ್ ಬಿಟ್ಟು ಉತ್ತರದ ಹಳ್ಳಿಗಾಡಿನಲ್ಲಿ ಗುರುಗಳಾಗಿದ್ದು 1896 ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರ ಓದುವ ಕೋಣೆಯಲ್ಲಿ ಡಾಕ್ಟರ್ ಸ್ನೋ ಅವರ ಚಿತ್ರವೊಂದು ಇತ್ತು.